ಕರಿಗಲ್ಲಿನ ಕೆಳಗಿನ ನೀರು

ನನ್ನ ಹೆಂಡತಿ ಕಾಶೆವ್ವ ಲಿಂಗೈಕ್ಯಳಾದ ನಾಲ್ಕನೆಯ ತಿಂಗಳಿಗೆ, ಅರವತ್ತಮೂರನೆಯ ಇಸವಿಯ ವೈಶಾಖದಲ್ಲಿ, ನಮ್ಮ ಬಾವಿ ಪುಸ್ತಕದ ಸಿನಿಮಾ ದಾಂಡೇಲಿಗೆ ಬಂದಿತು. ಸುದ್ದಿ ತಂದವಳು ಗಂಗೂ. ನಾನು ಹಳಿಯಾಳದ ಮನೆಯ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದೆ. ಆ ದಿನಗಳಲ್ಲಿ ನಾನು ಮಾಡುತ್ತಿದ್ದುದು ಅಷ್ಟೇ. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಆಮೇಲೆ ಆ ಕಂಬ.

ಗಂಗೂ ಸಿದ್ದಿಯರವಳು. ಊರಿಂದ ಮೂರು ಮೈಲು ದೂರ, ಕಾಡಿನ ಅಂಚಿಗೆ ಅವರ ಹತ್ತು ಮನೆಗಳ ಕೇರಿ. ಇಪ್ಪತ್ತು ವರ್ಷದಿಂದ ನಮ್ಮ ಮನೆಗೆ ಭತ್ತ ಕುಟ್ಟಲು ಬರುತ್ತಿದ್ದಳು. ಅವಳು ಮಡಚಿದ ಹಸಿರು ಜಾಹೀರಾತಿನ ಕಾಗದವನ್ನು ನನ್ನ ಮುಂದೆ ಇಟ್ಟಳು.

“ಇದನ್ನ ಓದ್ರಿ ಮಾಸ್ತರ್ರ. ನಮ್ಮ ಕೇರಿ ಮಾನ್ವೆಲ್ ಬಿದಿರಿನ ಗಾಡಿ ಹೊಡಕೊಂಡು ದಾಂಡೇಲಿ ಕಾಗದದ ಕಾರ್ಖಾನಿಗೆ ಹೋಗಿದ್ದ. ಅಲ್ಲಿ ಟಾಕೀಜಿನ ಗ್ವಾಡಿ ಮ್ಯಾಲ ಬಿಳೀ ಹೆಣಮಗಳು ಹಗ್ಗಾ ಹಿಡಕೊಂಡು ಬಾವಿ ದಂಡಿಗೆ ನಿಂತಾಳಂತ. ನಮ್ಮ ಹನ್ನವ್ವ ಹೌದೋ ಅಲ್ಲೋ ನೋಡ್ರಿ.”

ಓದಿದೆ. ಹೌದು, ಅದೇ ಕಾದಂಬರಿ, ಈ ಸಲ ಬಣ್ಣದಲ್ಲಿ ತೆಗೆದಿದ್ದರು. ಮೊದಲು ಸಂತೋಷವಾಯಿತು. ಕೂಡಲೇ ಕಾಶೆವ್ವನಿಗೆ ಹೇಳಬೇಕೆಂದು ಅಡಿಗೆಮನೆಯ ಕಡೆ ತಿರುಗಿದೆ. ಆಮೇಲೆ ಹೆದರಿಕೆ ಹುಟ್ಟಿತು. ಅದರ ಕಾರಣ ಹೇಳಬೇಕಾದರೆ ಹಿಂದಿನದನ್ನು ಹೇಳಬೇಕು.

ಮೂವತ್ತೊಂದನೆಯ ಇಸವಿಯಲ್ಲಿ ಜಂಗಲ್ ಖಾತೆಯ ಒಬ್ಬ ಇಂಗ್ಲಿಷ್ ಸಾಹೇಬರು ತಮ್ಮ ದೇಶಕ್ಕೆ ಹೊರಟಾಗ ಒಂದು ಟ್ರಂಕು ಪುಸ್ತಕಗಳನ್ನು ನಮ್ಮ ಶಾಲೆಗೆ ಬಿಟ್ಟುಹೋದರು. ಹೆಡ್ ಮಾಸ್ತರರು ನಕಾಶೆಗಳನ್ನೂ ಶಬ್ದಕೋಶಗಳನ್ನೂ ಇಟ್ಟುಕೊಂಡು, ಮೇಲಿನ ರಟ್ಟು ಕಿತ್ತುಹೋದ ಒಂದು ದಪ್ಪ ಕಾದಂಬರಿಯನ್ನು ಹುಡುಗರಿಗೆ ತಕ್ಕುದಲ್ಲವೆಂದು ನನಗೆ ಕೊಟ್ಟರು. ಅದು ಅಮೇರಿಕದ್ದು. ನಾನು ಧಾರವಾಡದಲ್ಲಿ ಇಂಗ್ಲಿಷ್ ಕಲಿತವನಾದರೂ ಅಷ್ಟು ದೊಡ್ಡ ಪುಸ್ತಕವನ್ನು ಕೈಗೆ ತೆಗೆದುಕೊಂಡವನಲ್ಲ. ಪಕ್ಕದಲ್ಲಿ ಶಬ್ದಕೋಶ ಇಟ್ಟುಕೊಂಡು ಎಂಟು ತಿಂಗಳು ಓದಿದೆ.

ಕಥೆ ಇಷ್ಟೇ. ಹ್ಯಾನಾ ಎಂಬ ಹೆಣ್ಣುಮಗಳು ಗಂಡನ ಸಂಗಡ ಪಶ್ಚಿಮದ ಬಯಲಿಗೆ ಬಂದು ಹೊಲ ಹಿಡಿಯುತ್ತಾಳೆ. ಅಲ್ಲಿ ನೀರಿಲ್ಲ. ಗಂಡ ಬಾವಿ ತೋಡಲು ಹತ್ತಿ ನಲವತ್ತು ಫೂಟಿಗೆ ಬಂದಾಗ ಜ್ವರದಿಂದ ಸಾಯುತ್ತಾನೆ. ಅವಳು ಏಳು ವರ್ಷ ಅದೇ ಬಾವಿಯನ್ನು ತೋಡುತ್ತಾಳೆ. ಪುಸ್ತಕದ ಅರ್ಧ ಭಾಗ ಮಣ್ಣು ಎತ್ತುವುದೇ ಇದೆ. ಕೆಟ್ಟವರು ಯಾರೂ ಇಲ್ಲ, ನೀರಿಲ್ಲ, ಅಷ್ಟೇ. ಓದಿದಷ್ಟು ಸಲವೂ ನನಗೆ ಆ ಹೆಂಗಸಿನ ಮೇಲೆ ಪ್ರೀತಿ ಹೆಚ್ಚಿತು. ಕಡೆಗೆ ತೊಂಬತ್ತು ಫೂಟಿನಲ್ಲಿ ಕರಿಗಲ್ಲು ಬರುತ್ತದೆ. ಹ್ಯಾನಾ ಬಾವಿಯ ಮೇಲೆ ಹಲಗೆ ಮುಚ್ಚಿ, ಗಾಡಿಯಲ್ಲಿ ಸಾಮಾನು ಹೇರಿಕೊಂಡು ಹೋಗಿಬಿಡುತ್ತಾಳೆ. ನೀರು ಬರುವುದಿಲ್ಲ.

ನಮ್ಮ ಮನೆಯಲ್ಲಿ ಶ್ರಾವಣಕ್ಕೆ ಪುರಾಣ ಹಚ್ಚುವ ರೂಢಿಯಿತ್ತು. ತಿಂಗಳ ತನಕ ದಿನಾಲು ಮಧ್ಯಾಹ್ನ ನಾನು ಓದಿ ಅರ್ಥ ಹೇಳುವುದು, ಓಣಿಯ ಹೆಂಗಸರು ಕೇಳುವುದು, ಕಡೆಯ ದಿನ ಗ್ರಂಥಕ್ಕೆ ಹೂವು ಏರಿಸಿ, ದೀಪ ಹಚ್ಚಿ, ಹೋಳಿಗೆ ಮಾಡಿ ಮಂಗಲ ಮಾಡುವುದು. ಮೂವತ್ತೆರಡರ ಶ್ರಾವಣದಲ್ಲಿ ಕಾಶೆವ್ವ, “ಈ ಸಲ ಆ ಇಂಗ್ರೇಜಿ ಪುಸ್ತಕಾನ ಹಚ್ಚರಿ. ಅದರಾಗೂ ಒಬ್ಬಾಕಿ ಕಷ್ಟಪಡೂದ ಐತಿ ಅಂತೀರಿ, ಪುರಾಣಕ್ಕ ಇನ್ನೇನ ಬೇಕು?” ಎಂದಳು. ನಾನು ಪುಟ ನೋಡುತ್ತ ಕನ್ನಡದಲ್ಲಿ ಹೇಳುತ್ತ ಹೋದೆ. ಹೆಂಗಸರು ಹ್ಯಾನಾಳನ್ನು ಹನ್ನವ್ವ ಮಾಡಿಕೊಂಡರು.

ಕಡೆಯ ದಿನ ಬಂತು. ಅಡಿಗೆಮನೆಯಿಂದ ಹೂರಣದ ವಾಸನೆ ಬರುತ್ತಿತ್ತು. ರಟ್ಟಿಲ್ಲದ ಪುಸ್ತಕಕ್ಕೆ ಕಾಶೆವ್ವ ಮಲ್ಲಿಗೆ ಏರಿಸಿದ್ದಳು. ದೀಪದ ಮುಂದೆ ಹನ್ನೆರಡು ಜನ ಕೈ ಮುಗಿದು ಕುಳಿತಿದ್ದರು. ಮಂಗಲದ ದಿನ, ಬಾವಿ ಒಣಗಿತು, ಅವಳು ಹಲಗೆ ಮುಚ್ಚಿ ಹೋದಳು ಎಂದು ನನ್ನ ಬಾಯಿಂದ ಬರಲಿಲ್ಲ. ಕರಿಗಲ್ಲು ಒಡೆಯಿತು, ಕೆಳಗಿಂದ ನೀರು ಬಂತು ಎಂದೆ. ಕಾಶೆವ್ವ ಎದ್ದು ಪುಸ್ತಕಕ್ಕೆ ಆರತಿ ಎತ್ತಿದಳು.

ಒಂದು ಸಲ ಹೇಳಿದ ಮೇಲೆ ಹಿಂದೆಗೆಯುವುದು ಹೇಗೆ? ಒಂದು ಶ್ರಾವಣ ಬಿಟ್ಟು ಮತ್ತೆ ಅದನ್ನೇ ಕೇಳಿದರು. ಹೀಗೆ ಒಂದು ವರ್ಷ ಶರಣರ ಪುರಾಣ, ಒಂದು ವರ್ಷ ಹನ್ನವ್ವನ ಪುರಾಣವೆಂದು ಮೂವತ್ತು ವರ್ಷ ನಡೆಯಿತು. ಮೂವತ್ತೇಳರಲ್ಲಿ ಆ ಕಥೆಯ ಮೊದಲನೆಯ ಸಿನಿಮಾ ಹುಬ್ಬಳ್ಳಿಗೆ ಬಂದಾಗ ಕಾಶೆವ್ವ ಹಟ ಹಿಡಿದಳು. ಅಳ್ನಾವರದ ತನಕ ಗಾಡಿಯಲ್ಲಿ, ಮುಂದೆ ರೈಲಿನಲ್ಲಿ ಹೋದೆವು. ಇಂದು ನನ್ನ ಸುಳ್ಳು ಹೊರಬೀಳುತ್ತದೆ ಎಂದುಕೊಂಡು ಕುಳಿತಿದ್ದೆ. ಆದರೆ ಸಿನಿಮಾದವರಿಗೂ ಒಣ ಬಾವಿ ಬೇಡವಾಗಿತ್ತು. ಕಡೆಗೆ ನೀರು ಪುಟಿದು ಹ್ಯಾನಾಳ ಮುಖಕ್ಕೆ ಹಾರಿತು. ಕಾಶೆವ್ವ ಕತ್ತಲಲ್ಲಿ ನನ್ನ ಮೊಣಕೈ ತಿವಿದು, “ನೀವು ಹೇಳಿದಂಗ ಐತಿ ನೋಡ್ರಿ,” ಎಂದಳು. ಆ ದಿನದಿಂದ ಆ ಸಿನಿಮಾದ ಮೇಲೂ ನನಗೆ ಪ್ರೀತಿ ಹುಟ್ಟಿತು. ನನ್ನಂಥ ಇನ್ನೊಬ್ಬ ಸುಳ್ಳುಗಾರ ಅಮೇರಿಕದಲ್ಲಿಯೂ ಇದ್ದಾನೆ ಎಂಬ ಸಮಾಧಾನ ಅದು.

ಕಡೆಯ ವರ್ಷ ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಪುಷ್ಯ ಮಾಸದಲ್ಲಿ ಒಂದು ಬೆಳಿಗ್ಗೆ, “ಕರೀಕಲ್ಲು ಬಂದೈತ್ರೀ. ಇದನ್ನ ಒಡದ್ರ ಮುಂದ ನೀರ ಐತೆಲ್ಲಾ?” ಎಂದು ಕೇಳಿದಳು. ಐತಿ ಎಂದೆ. ಮೂರು ದಿನಕ್ಕೆ ಹೋದಳು.

ಇದು ನನ್ನ ಮತ್ತು ಅವಳ ನಡುವಿನ ಮಾತಷ್ಟೇ ಆಗಿದ್ದರೆ ಹೇಗೋ ಹೊತ್ತುಕೊಂಡು ಇರುತ್ತಿದ್ದೆ. ಆದರೆ ಒರಳಿನ ಹತ್ತಿರ ಕುಳಿತು ಇಪ್ಪತ್ತು ವರ್ಷ ಕಥೆ ಕೇಳಿದ ಗಂಗೂ ಆ ಶಿವರಾತ್ರಿಯಿಂದ ತಮ್ಮ ಕೇರಿಯಲ್ಲಿ ಬಾವಿ ತೋಡಿಸಲು ಹಚ್ಚಿದ್ದಳು. ಬೇಸಿಗೆಯಲ್ಲಿ ಅವರ ಹೆಂಗಸರು ಅರ್ಧ ಮೈಲು ದೂರದ ಹಳ್ಳದಲ್ಲಿ ಒರತೆ ತೆಗೆದು ಬೊಗಸೆ ಬೊಗಸೆಯಾಗಿ ಕೊಡಕ್ಕೆ ತುಂಬಿ ತರುತ್ತಿದ್ದರು. ಬಾವಿ ಮನೆಗಳ ನಡುವೆಯೇ ಆಗಬೇಕೆಂದು ಅವಳ ಆಸೆ. ಜಾಗ ಅವಳೇ ತೋರಿಸಿದಳು. ಮಣ್ಣಿನ ಬುಟ್ಟಿ ಹೊತ್ತವರಲ್ಲಿ ಅವಳೇ ಮುಂದು. ಮೂವತ್ತು ಫೂಟಿಗೆ ಕರಿಗಲ್ಲು ಹತ್ತಿತು. ಒಂದು ತಿಂಗಳು ಒಡೆದರೂ ಒಂದು ಫೂಟು ಇಳಿಯಲಿಲ್ಲ. ಮೇಲೆ ಎತ್ತುವಾಗ ಹಗ್ಗ ಜಾರಿ ಕಲ್ಲು ಬಿದ್ದು, ಕೆಳಗೆ ಕಲ್ಲು ಒಡೆಯುತ್ತಿದ್ದ ಕೇರಿಯ ಕಾಶೀಮನ ಕೈ ಮುರಿಯಿತು. ಗಂಡಸರು ಸಾಕೆಂದರು. ಗಂಗೂ ಮಾತ್ರ, ಕರೀಕಲ್ಲಿನ ಕೆಳಗ ನೀರ ಐತಿ, ಮಾಸ್ತರ್ರ ಪುಸ್ತಕದಾಗ ಬರದೈತಿ ಎನ್ನುತ್ತಿದ್ದಳು.

ಅದನ್ನು ಕೇಳಿದಾಗಲೇ ನಾನು ನಿಜ ಹೇಳಬೇಕಿತ್ತು. ನಾಳೆ ಹೇಳಿದರಾಯಿತು ಎಂದು ಕಂಬಕ್ಕೆ ಒರಗಿ ಕುಳಿತೆ. ಆ ದಿನಗಳಲ್ಲಿ ಎದ್ದು ಚಪ್ಪಲಿ ಮೆಟ್ಟುವುದೇ ನನಗೆ ದೊಡ್ಡ ಕೆಲಸವಾಗಿತ್ತು.

“ಮಾನ್ವೆಲ್ ಅಂದಾನ,” ಎಂದಳು ಗಂಗೂ, ಹಸಿರು ಕಾಗದವನ್ನು ತಿರುಗಿ ಮಡಚುತ್ತ, “ಪುಸ್ತಕ ನನಗ ಓದಾಕ ಬರೂದಿಲ್ಲ, ಸಿನಿಮಾದಾಗ ಕಣ್ಣಿಂದ ನೋಡಿದ್ರ ನಂಬತೇನಿ, ನೀರ ಬಂದ್ರ ಮತ್ತ ಬಾವ್ಯಾಗ ಇಳೀತೇನಿ ಅಂತ. ರವಿವಾರ ಹೋಗೂಣು. ನೀವೂ ಬರ್ರಿ, ಇಂಗ್ರೇಜಿ ಮಾತು ಹೇಳಾಕ ಬೇಕಲ್ಲ.”

ಮಾನ್ವೆಲ್ ಕೇರಿಯ ಹಿರಿಯ, ಬಾವಿಯ ಕೆಲಸಕ್ಕೆ ಅವನೇ ಮುಖಂಡ. ಅವನು ಇಳಿದರೆ ಉಳಿದವರೂ ಇಳಿಯುತ್ತಾರೆ. ಮುಂದಿನ ಕಲ್ಲು ಯಾರದೋ ತಲೆಯ ಮೇಲೆ ಬೀಳಬಹುದು. ಇದೆಲ್ಲ ತಿಳಿದೂ ನಾನು ಬರುತ್ತೇನೆ ಎಂದೆ. ಹುಬ್ಬಳ್ಳಿಯಲ್ಲಿ ಕಾಯ್ದ ಹಾಗೆ ಸಿನಿಮಾದವರು ಇನ್ನೊಂದು ಸಲ ನನ್ನನ್ನು ಕಾಯಲಿ ಎಂಬ ಆಸೆ ಇತ್ತು. ನಾಚಿಕೆಯ ಮಾತು, ಆದರೆ ಇತ್ತು.

ರವಿವಾರ ನಸುಕಿನಲ್ಲಿ ಹೊರಟಾಗ ಕಾಶೆವ್ವನ ಅಕ್ಕ ಮುದಕವ್ವ ಬಾಗಿಲಲ್ಲಿ ನಿಂತಿದ್ದಳು. ತಂಗಿಯ ಕಡೆಯ ದಿನಗಳಲ್ಲಿ ಬಂದು, ನನಗೆ ರೊಟ್ಟಿ ಮಾಡಿ ಹಾಕುತ್ತ ನಮ್ಮಲ್ಲಿಯೇ ಉಳಿದಿದ್ದಳು.

“ಆಕಿ ಹೋಗಿ ಇನ್ನೂ ಆರ ತಿಂಗಳಾಗಿಲ್ಲ, ಸಿನಿಮಾಕ್ಕ ಹೊಂಟ್ರೇನು?”

“ನಮ್ಮವರಿಗೆ ಸೂತಕ ಎಲ್ಲೈತಿ ಮುದಕವ್ವಾ?”

“ಸೂತಕ ಇಲ್ಲ ಅಂತ ಶರಣರು ಹೇಳ್ಯಾರ, ಖರೆ. ಸಿನಿಮಾ ನೋಡರಿ ಅಂತ ಎಲ್ಲಿ ಹೇಳ್ಯಾರ?” ಎಂದಳು. ಹೇಳಿದರೂ ರೊಟ್ಟಿಯ ಗಂಟನ್ನು ಕೈಗೆ ಕೊಟ್ಟಳು. “ಬಿಸಲಾಗ ತಲೀಗೆ ವಸ್ತ್ರ ಹಾಕ್ಕೋರಿ. ಆಕಿ ಇದ್ದಿದ್ರ ಆಕೀನೂ ಗಾಡಿ ಏರತಿದ್ಲು, ನನಗ ಗೊತ್ತಿಲ್ಲೇನು.”

ಮಾನ್ವೆಲ್‌ನ ಗಾಡಿ ದಾಂಡೇಲಿ ಮುಟ್ಟುವ ಹೊತ್ತಿಗೆ ಹತ್ತು ದಾಟಿತ್ತು. ಮೌಳಂಗಿಯ ಹತ್ತಿರ ಹೊಳೆಯ ದಂಡೆಗೆ ಅವನ ಗುರುತಿನವರ ಗುಡಿಸಲಿತ್ತು. ಅಲ್ಲಿ ಎತ್ತು ಬಿಟ್ಟು ನಡೆದುಕೊಂಡು ಟಾಕೀಜಿಗೆ ಹೋದೆವು. ತಗಡಿನ ಗೋಡೆ, ತಗಡಿನ ಮಾಡು, ವೈಶಾಖದ ಮಧ್ಯಾಹ್ನ. ಹಿಂದಿನ ಖುರ್ಚಿಗಳಲ್ಲಿ ಕಾರ್ಖಾನೆಯ ಸಾಹೇಬರು, ಮುಂದೆ ನೆಲದ ಮೇಲೆ ನಾವು. ನಾನು ನಡುವೆ ಕುಳಿತು ಇಬ್ಬರಿಗೂ ಮೆಲ್ಲಗೆ ಅರ್ಥ ಹೇಳತೊಡಗಿದೆ.

ಸಿನಿಮಾ ಚೆನ್ನಾಗಿತ್ತು. ಹುಬ್ಬಳ್ಳಿಯಲ್ಲಿ ನೋಡಿದ ಹ್ಯಾನಾ ತುಟಿಗೆ ಬಣ್ಣ ಬಳಿದುಕೊಂಡಿದ್ದಳು. ಇವಳ ತುಟಿಗಳು ಒಡೆದಿದ್ದವು, ಉಗುರಿನಲ್ಲಿ ಮಣ್ಣಿತ್ತು. ಮೂವತ್ತು ವರ್ಷ ನಾನು ಓದುತ್ತ ಕಂಡವಳು ಇವಳೇ. ಗಂಡನನ್ನು ಮಣ್ಣು ಮಾಡಿ ಬಂದ ಮರುದಿನ ಅವಳು ಒಬ್ಬಳೇ ಬಾವಿಯ ಹಗ್ಗಕ್ಕೆ ಕೈ ಹಾಕಿದಾಗ ನಾನು ಅರ್ಥ ಹೇಳುವುದನ್ನು ನಿಲ್ಲಿಸಿದೆ.

ಕಡೆಗೆ ಕರಿಗಲ್ಲು ಬಂತು. ಹ್ಯಾನಾ ಬಾವಿಯ ತಳದಲ್ಲಿ ಬಹಳ ಹೊತ್ತು ಕುಳಿತಳು. ಮೇಲೆ ಬಂದಳು. ಒಂದೊಂದಾಗಿ ಹಲಗೆ ಜೋಡಿಸಿ ಬಾವಿ ಮುಚ್ಚಿದಳು. ಗಾಡಿ ಬಯಲಿನಲ್ಲಿ ಸಣ್ಣದಾಗುತ್ತ ಹೋಯಿತು. ಪರದೆ ಬೆಳ್ಳಗಾಯಿತು.

“ಮುಗೀತೇನ್ರೀ?” ಎಂದಳು ಗಂಗೂ.

ನಾನು ಎದ್ದು ಧೋತರ ಜಾಡಿಸಿಕೊಂಡೆ.

ಮೌಳಂಗಿಯ ತನಕ ಅವರಿಬ್ಬರೇ ಮಾತಾಡುತ್ತ ನಡೆದರು. ಮಾನ್ವೆಲ್ ನಗುತ್ತಿದ್ದ. “ರೀಲು ತುಂಡ ಆಗೇತಿ. ಹೋದ ವರ್ಷ ಇದ ಟಾಕೀಜಿನಾಗ ಹಿಂದೀ ಸಿನಿಮಾ ನೋಡಿದ್ನಿ. ಲಗ್ನಕ್ಕಿಂತ ಮೊದಲ ಕೂಸು ಹುಟ್ಟಿತ್ತು. ಈ ಟಾಕೀಜಿನಾವ ಹಂಗ, ತನಗ ತಿಳಿದಲ್ಲೆ ಕತ್ತರಸತಾನ.”

“ಮತ್ತ ನಾ ಏನಂತೇನಿ? ಕಡೀ ರೀಲ ಅವನ ಕಡೆ ಇಲ್ಲ,” ಎಂದಳು ಗಂಗೂ. “ಕಲ್ಲು ಒಡೆಯೂದ ತೋರಿಸಲಿಲ್ಲ, ನೀರು ತೋರಿಸಲಿಲ್ಲ. ಮಾಸ್ತರ್ರ, ಇವಗ ಪುಸ್ತಕದಾಗಿಂದು ಇನ್ನೊಮ್ಮೆ ಹೇಳಿಬಿಡ್ರಿ, ನಾಳೆ ಬಾವ್ಯಾಗ ಇಳೀಲಿ.”

ಅಷ್ಟು ಸುಲಭವಾಗಿತ್ತು. ರೀಲು ತುಂಡಾಗಿದೆ ಎಂದು ನಾನು ಹೇಳಬೇಕಾಗಿಯೂ ಇರಲಿಲ್ಲ. ಸುಮ್ಮನೆ ಇದ್ದರೆ ಸಾಕಾಗಿತ್ತು. ಊಟಕ್ಕೆ ಮೊದಲು ಪೂಜೆ ಮಾಡಿಕೊಳ್ಳುತ್ತೇನೆ ಎಂದು ಹೊಳೆಗೆ ಇಳಿದೆ. ಮಿಂದು, ಒದ್ದೆ ಬಟ್ಟೆಯಲ್ಲಿ ಕಲ್ಲಿನ ಮೇಲೆ ಕುಳಿತು ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡೆ. ನೋಟ ನಿಲ್ಲಲಿಲ್ಲ. ಮಂತ್ರ ನಡುವೆ ಎರಡು ಸಲ ತಪ್ಪಿತು. ಐವತ್ತು ವರ್ಷ ತಪ್ಪದ ಮಂತ್ರ. ಐತಿ ಎಂದು ನಾನು ಹೇಳಿದಾಗ ಕಾಶೆವ್ವ ತಲೆಯಾಡಿಸಿದ್ದು ನೆನಪಾಯಿತು. ಅವಳಿಗೆ ನಿಜ ಹೇಳುವ ಹೊತ್ತು ಕಳೆದಿತ್ತು. ಇವರಿಗೆ ಹೇಳುವ ಹೊತ್ತು ಇನ್ನೂ ಇತ್ತು, ನಾಳೆಯ ತನಕ.

ಪೂಜೆಯನ್ನು ಹೇಗೋ ಮುಗಿಸಿ ಬಂದೆ. ಗಂಗೂ ಮುತ್ತಲೆಲೆಯ ಮೇಲೆ ನನ್ನ ರೊಟ್ಟಿ ಬಿಚ್ಚಿಟ್ಟಿದ್ದಳು.

“ರೀಲು ಪೂರಾ ಐತಿ,” ಎಂದೆ. “ಪುಸ್ತಕದಾಗೂ ಹಂಗ ಐತಿ. ಆಕಿಗೆ ನೀರು ಸಿಗೂದಿಲ್ಲ. ನಾನು ಮಂಗಲದ ದಿನ ಖರೆ ಹೇಳಲಾರದ ಸುಳ್ಳು ಹೇಳಿದ್ನಿ. ಆಮ್ಯಾಲ ಅದನ್ನ ಹೇಳಕೊಂತ ಬಂದ್ನಿ.”

ಮಾನ್ವೆಲ್ ಬಾಯಿಗೆ ಒಯ್ಯುತ್ತಿದ್ದ ತುತ್ತು ಕೆಳಗಿಟ್ಟ. ಗಂಗೂ ನನ್ನ ಮುಖವನ್ನೇ ನೋಡುತ್ತಿದ್ದಳು.

“ಅವ್ವಾರಿಗೂ ಹಿಂಗ ಹೇಳಿದ್ರೇನು?”

“ಹೌದು.”

“ಅವರು ನಂಬಿದ್ರು.”

“ಹೌದು.”

“ನಾನೂ ನಂಬಿದ್ನಿ,” ಎಂದಳು. “ಕಾಶೀಮನ ಕೈ ಮುರೀತಲ್ರೀ ಮಾಸ್ತರ್ರ.”

ನಾನು ರೊಟ್ಟಿ ಮುಟ್ಟಲಿಲ್ಲ. ಮಾನ್ವೆಲ್ ಎದ್ದು ಎತ್ತುಗಳಿಗೆ ನೀರು ಕುಡಿಸಲು ಹೋದ. ಹೋಗುತ್ತ, “ನಾಳೆ ಪುಸ್ತಕ ತಗೊಂಡು ಕೇರಿಗೆ ಬರ್ರಿ. ನಾ ಹೇಳಿದ್ರ ಗಂಗೂನ ಮ್ಯಾಲ ಸಿಟ್ಟಾಗತಾರ. ನೀವ ಹೇಳ್ರಿ,” ಎಂದ.

ಮರುದಿನ ಹೋದೆ. ಬಾವಿಯ ಪಕ್ಕದ ಹಲಸಿನ ಮರದ ಕೆಳಗೆ ಏಳೆಂಟು ಜನ ಕುಳಿತಿದ್ದರು. ಕಾಶೀಮನ ಕೈಗೆ ಬಿದಿರಿನ ದಬ್ಬೆ ಕಟ್ಟಿತ್ತು. ಗಂಗೂ ಅವರ ಜೊತೆ ಕೂಡದೆ ದೂರ, ತಾನು ಹೊತ್ತು ಹಾಕಿದ ಮಣ್ಣಿನ ಗುಡ್ಡೆಯ ಮೇಲೆ ಕುಳಿತಿದ್ದಳು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಯಾರೂ ಬೈಯಲಿಲ್ಲ. ಬಾವಿ ತೋಡುವವರು ಕೇಳಿದ್ದು ಬೇರೆ.

“ಆ ಊರಾಗ ಮಣ್ಣು ಎಂಥಾದಿತ್ರೀ?” ಎಂದ ಮಾನ್ವೆಲ್. “ಪುಸ್ತಕದಾಗ ಬರದಾನೇನು?”

ಬರೆದಿತ್ತು. ನಾನು ಪುರಾಣ ಹೇಳುವಾಗ ಹೆಂಗಸರಿಗೆ ಬೇಸರವಾದೀತೆಂದು ಆ ಪುಟಗಳನ್ನು ಯಾವಾಗಲೂ ಹಾರಿಸುತ್ತಿದ್ದೆ. ಈಗ ನಿಧಾನವಾಗಿ ಕನ್ನಡ ಮಾಡುತ್ತ ಓದಿದೆ. ಮೇಲೆ ಕೆಂಪು ಮಣ್ಣು, ಆಮೇಲೆ ಸುಣ್ಣದ ಹರಳು, ಆಮೇಲೆ ಒಣ ಜೇಡಿ, ಆಮೇಲೆ ಕಲ್ಲು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತ ಕೇಳಿದರು. ಮುಂದೆ ಒಂದು ಸಣ್ಣ ಮಾತು ಬಂತು. ಬೇಸಿಗೆಯಲ್ಲಿ ಹ್ಯಾನಾಳ ದನಗಳು ತಪ್ಪಿಸಿಕೊಂಡು ಎರಡು ಮೈಲು ಕೆಳಗಿನ ಒಣ ಹಳ್ಳಕ್ಕೆ ಹೋಗಿ ಕಾಲಿನಿಂದ ಉಸುಕು ಕೆದರುತ್ತ ನಿಲ್ಲುತ್ತವೆ. ಅವಳು ಕೋಲು ಹಿಡಿದು ಹೋಗಿ, ಬೈದು, ಹೊಡೆದುಕೊಂಡು ಬರುತ್ತಾಳೆ.

“ಏನಂದ್ರಿ? ಅದನ್ನ ಇನ್ನೊಮ್ಮೆ ಓದ್ರಿ,” ಎಂದ ಮಾನ್ವೆಲ್.

ಇನ್ನೊಮ್ಮೆ ಓದಿದೆ.

ಕಾಶೀಮ ನಗತೊಡಗಿದ. “ದನಕ್ಕ ತಿಳೀತು, ಆ ಹೆಣಮಗಳಿಗೆ ತಿಳೀಲಿಲ್ಲ.”

“ಮಾಸ್ತರ್ರಿಗೂ ತಿಳೀಲಿಲ್ಲಲೇ, ಮೂವತ್ತ ವರ್ಷ ಓದ್ಯಾರ,” ಎಂದ ಮಾನ್ವೆಲ್. “ದನ ಉಸುಕು ಕೆದರತಾವ ಅಂದ್ರ ನಾಕ್ ಮೊಳದಾಗ ನೀರ ಐತಿ. ಆಕಿ ಗಂಡ ಹಿಡದ ಜಾಗಾ ಅಂತ ಬಿಡಲಿಲ್ಲ. ತೊಂಬತ್ತ ಫೂಟ ತೋಡಿದ್ಲು ಪಾಪ.”

ನಾನು ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತೆ. ಅಷ್ಟು ಸಲ ಓದಿದ ಸಾಲು. ಅದನ್ನು ಬರೆದವನು ತಿಳಿದೇ ಬರೆದಿದ್ದನು, ಓದುವವನಿಗೆ ಕಾಣಲಿ ಎಂದು ಬಿಟ್ಟಿದ್ದನು. ನನಗೆ ಕಾಣಲಿಲ್ಲ. ಕಾಶೆವ್ವನಿಗೆ ಆ ಪುಟ ಓದಿ ಹೇಳಿದ್ದರೆ ಅವಳಿಗೆ ಕಾಣುತ್ತಿತ್ತೋ ಏನೋ. ಅವಳ ತವರು ಮುಂಡಗೋಡದ ಕಡೆ ಚಿಗಳ್ಳಿ. ಚಿಕ್ಕಂದಿನಲ್ಲಿ ದನ ಕಾಯ್ದವಳು.

ಗಂಡಸರು ತಮ್ಮ ತಮ್ಮಲ್ಲಿ ತಮ್ಮ ಭಾಷೆಯಲ್ಲಿ ಮಾತಾಡಿದರು. ಹಳ್ಳದ ತಿರುವಿನಲ್ಲಿ ಬೇಸಿಗೆಗೆ ಹಂದಿಗಳು ಕೆದರುವ ಒಂದು ಜಾಗವಿತ್ತು. ಅಲ್ಲಿ ಕಲ್ಲು ಕಟ್ಟಿ ಬಾವಿ ಮಾಡಿದರೆ ಮಳೆಗಾಲದೊಳಗೆ ಆದೀತು ಎಂದು ಮಾನ್ವೆಲ್ ನನಗೆ ಕನ್ನಡದಲ್ಲಿ ಹೇಳಿದ. ಇಲ್ಲಿಯ ಕೆಲಸ ಬಿಟ್ಟಂತೆಯೇ. ಹಾರೆ ಗುದ್ದಲಿ ಎತ್ತಿಕೊಂಡು ಅವರು ಹಳ್ಳದ ಕಡೆ ಹೋದರು. ಕಾಶೀಮನೂ ಒಂದು ಕೈಯಲ್ಲಿ ಹಗ್ಗದ ಸುರುಳಿ ಹಿಡಿದುಕೊಂಡು ಹೋದ.

ಗಂಗೂ ಮಾತ್ರ ಉಳಿದಳು. ಬಾವಿ ಹಳ್ಳದಲ್ಲಾದರೆ ಬೊಗಸೆಯಲ್ಲಿ ಮೊಗೆಯುವ ಬದಲು ಕೊಡವನ್ನೇ ಮುಳುಗಿಸಿ ತುಂಬಬಹುದು, ಆದರೆ ಅರ್ಧ ಮೈಲು ಹೊರುವುದು ತಪ್ಪುವುದಿಲ್ಲ. ಅವಳು ಬೇಡಿದ್ದು ಅಂಗಳದ ನೀರು. ನಾನು ಹೋಗಿ ಆ ಮಣ್ಣಿನ ಗುಡ್ಡೆಯ ಮೇಲೆ, ಸ್ವಲ್ಪ ದೂರಕ್ಕೆ ಕುಳಿತೆ. ಬಿಸಿಲು ಏರಿತ್ತು. ಅವಳು ಬಾವಿಯ ಬಾಯನ್ನು ನೋಡುತ್ತಿದ್ದಳು.

“ಇದಕ್ಕೂ ಹಲಗಿ ಮುಚ್ಚಬೇಕು. ಹುಡುಗರು ಬಿದ್ದಾವು,” ಎಂದಳು.

“ನಮ್ಮ ಅಟ್ಟದ ಮ್ಯಾಲ ಹಳೇ ಹಲಗಿ ಅದಾವು. ಗಾಡಿ ಕಳಿಸಿದ್ರ ಕೊಡತೇನಿ.”

ಅವಳು ಬಾವಿಯಿಂದ ಕಣ್ಣು ತೆಗೆಯದೆ ಕೇಳಿದಳು: “ಹನ್ನವ್ವ ಗಾಡಿ ಹೊಡಕೊಂಡು ಹೋದ್ಲಲ್ಲ, ಮುಂದ ಎಲ್ಲಿಗೆ ಹೋದ್ಲು?”

“ಪುಸ್ತಕದಾಗ ಇಲ್ಲ.”

“ನೀವು ಹೇಳ್ರಿ.”

“ನನಗ ಗೊತ್ತಿಲ್ಲ ಗಂಗೂ.”

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಎದ್ದು, ಸೀರೆಯ ಮಣ್ಣು ಕೊಡವಿ, ಎರಡು ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟು ಕಂಕುಳಿಗೆ ಸೇರಿಸಿ, ಗಂಡಸರು ಹೋದ ದಾರಿಯಲ್ಲಿ ಇಳಿದು ಹೋದಳು.